ಶಿಫ್ಟ್ ಕೆಲಸದ ನಡುವೆ ತಬಲಾ ಉಳಿಸಿಕೊಂಡವರು ಇದ್ದೀರಾ?

ಕೊಪ್ಪಳದ ಹುಡುಗ: ವಯಸ್ಸು 24. ತೋರಣಗಲ್ಲಿನಲ್ಲಿ ಶಿಫ್ಟ್ ಕೆಲಸ, ರೂಮೂ ಅಲ್ಲೇ. ಹೈಸ್ಕೂಲಿನಲ್ಲಿ ತಬಲಾ ಜೂನಿಯರ್ ಪರೀಕ್ಷೆ ಮುಗಿಸಿದ್ದೆ. ಪಿಯುಸಿಗೆ ಬಂದ ಮೇಲೆ ನಿಂತುಹೋಯಿತು. ಮತ್ತೆ ಹಿಡಿಯಬೇಕು. ಚಿಕ್ಕಂದಿನ ಹವ್ಯಾಸ ಉಳಿಸಿಕೊಂಡವರು ಅನುಭವ ಹೇಳಿ.

ರಾಯಚೂರು ತಬಲಾ: ತಮ್ಮಾ, ಮೊದಲು ತಬಲಾ ಜೋಡಿ ಯಾವ ಸ್ಥಿತಿಯಲ್ಲಿದೆ ನೋಡು. ನಾನು ಡಿಗ್ರಿ ಓದಲು ಹೋದಾಗ ಮನೆಯವರು ನನ್ನದನ್ನು ತಗಡಿನ ಮಾಡಿನ ಕೆಳಗೆ ಇಟ್ಟಿದ್ದರು. ನಮ್ಮ ಬೇಸಿಗೆ ಗೊತ್ತಲ್ಲ. ಚರ್ಮದ ಮೇಲಿನ ಕಪ್ಪು ಶಾಯಿ ಬಿರುಕುಬಿಟ್ಟು ಪುಡಿಪುಡಿಯಾಗಿ ಉದುರುತ್ತಿತ್ತು. ಬಲಗೈದಕ್ಕೆ ಹೊಸ ಚರ್ಮ 1,100 ರೂಪಾಯಿ. ಎಡಗೈಯ ಡಗ್ಗಾಕ್ಕೆ 1,400. ಬಿಗಿಯುವ ಚರ್ಮದ ಪಟ್ಟಿ, ಅಂದರೆ ವಾದಿ, 450. ರಿಪೇರಿಗೆ ಹುಬ್ಬಳ್ಳಿಗೆ ಹೊತ್ತೊಯ್ದೆ, ಬಸ್ಸಿನ ಖರ್ಚು ಬೇರೆ. ಇಷ್ಟಾದರೂ ಮೊದಲ ಮಳೆಗೇ ಚರ್ಮ ಸಡಿಲವಾಗಿ ಶ್ರುತಿ ಇಳಿಯಿತು. ಶ್ರುತಿ ಏರಿಸಲು ಪಕ್ಕದ ಮರದ ಗಟ್ಟಾ ಬಡಿದು ಬಡಿದು ಸಾಕಾಯಿತು. ಆಮೇಲೂ ತಿರಕಿಟದಂಥ ಬೋಲು (ತಬಲಾದ ಅಕ್ಷರ) ಕೈಗೆ ಬರಲು ಗುರುಗಳ ಮುಂದೆ ಕೂರಲೇಬೇಕಾಯಿತು. ಹಿಂದೂಸ್ತಾನಿ ಗಾಯಕ ಸಿದ್ಧರಾಮ ಜಂಬಲದಿನ್ನಿ ಅವರು ಬಾಳಿದ ನೆಲ ಇದು. ಯೂಟ್ಯೂಬ್ ನೋಡಿ ಬಾರಿಸುವುದು ಕಲಿಕೆಯೇ ಅಲ್ಲ.

ಸಿರುಗುಪ್ಪ ಪೆಟ್ಟಿಗೆ: ಕಲಿಕೆಯೇ ಅಲ್ಲ ಅಂದರೆ ಹೇಗಣ್ಣಾ? ನಾನು ಅಕ್ಕಿ ಮಿಲ್ಲಿನಲ್ಲಿ ಲೆಕ್ಕ ಬರೆಯುವವನು. ಸುಗ್ಗಿಯಲ್ಲಿ ಮನೆಗೆ ಬರುವಾಗ ರಾತ್ರಿ ಹತ್ತು. ಆ ಹೊತ್ತಿಗೆ ಯಾವ ಗುರುಗಳು ಪಾಠ ಹೇಳುತ್ತಾರೆ? ಹಾರ್ಮೋನಿಯಂ ಪೆಟ್ಟಿಗೆ ಉಳಿದದ್ದೇ ಮೊಬೈಲಿನಿಂದ. ಕಷ್ಟ ನನಗೂ ಇತ್ತು. ತೌಡಿನ ಧೂಳು ಸ್ವರ ಹೊರಡಿಸುವ ರೀಡಿನೊಳಗೆ ಸೇರಿ ಎರಡು ಸ್ವರ ಮೂಕವಾದವು. ಇಲಿ ಗಾಳಿ ಊದುವ ತಿದಿ ಕಡಿಯಿತು. ರಿಪೇರಿಗೆ 2,800 ಕೇಳಿದರು. ಅಲ್ಲಿ ಬಿಟ್ಟು ಬಂದದ್ದು ಶ್ರಾವಣಕ್ಕೂ ಸಿಗಲಿಲ್ಲ! ಈಗ ಶನಿವಾರ ಹನುಮಪ್ಪನ ಗುಡಿ ಭಜನೆಗೆ ನನ್ನದೇ ಪೆಟ್ಟಿಗೆ.

ರಾಯಚೂರು ತಬಲಾ: ಭಜನೆಗೆ ನಡೆಯುತ್ತೆ. ಸೋಲೋ ಕೂತಾಗ ಗೊತ್ತಾಗುತ್ತೆ.

ಸಿರುಗುಪ್ಪ ಪೆಟ್ಟಿಗೆ: ಭಜನೆಯನ್ನು ಕಡಿಮೆ ಮಾಡಿ ಮಾತಾಡಬೇಡಿ. ರಾತ್ರಿಯಿಡೀ ಲಯ ಹಿಡಿದು ಕೂರುವುದು ಸುಲಭ ಅಲ್ಲ.

ಬಳ್ಳಾರಿ ಅಂಚೆಚೀಟಿ: ಶಿಫ್ಟಿನವರಿಗೆ ಸದ್ದಿಲ್ಲದ ಹವ್ಯಾಸವೇ ಒಳ್ಳೆಯದು. ನಾನು ಐದನೇ ಕ್ಲಾಸಿನಿಂದ ಅಂಚೆಚೀಟಿ ಕೂಡಿಸುತ್ತಿದ್ದೇನೆ. ಅಂಚೆ ಇಲಾಖೆಯಲ್ಲಿ 200 ರೂಪಾಯಿ ಕಟ್ಟಿ ಫಿಲಾಟೆಲಿ ಡಿಪಾಸಿಟ್ ಖಾತೆ ತೆರೆದರೆ ಹೊಸ ಚೀಟಿ ಮನೆಗೇ ಬರುತ್ತವೆ. ಮನೆ ಬದಲಿಸುವಾಗ ಆಲ್ಬಮ್ ಗೋಡೆಗೆ ಒರಗಿಸಿಟ್ಟಿದ್ದರು, ಗೆದ್ದಲು ಹತ್ತಿತು. 1948ರ ಗಾಂಧಿ ಚೀಟಿ ನಾಲ್ಕರಲ್ಲಿ ಮೂರೂವರೆ ಆಣೆಯದು ಹೋಯಿತು. ಹತ್ತು ರೂಪಾಯಿಯದು ಉಳಿಯಿತು, ಅದೇ ಪುಣ್ಯ. ಈಗ ಎಲ್ಲಾ ಕಬ್ಬಿಣದ ಬೀರುವಿನಲ್ಲಿ.

ರಾಯಚೂರು ತಬಲಾ: ಸರ್, ಹುಡುಗ ಕೇಳಿದ್ದು ತಬಲಾ. ಚೀಟಿ ಕೂಡಿಡಲು ರಿಯಾಜ್ ಬೇಕಾ?

ಬಳ್ಳಾರಿ ಅಂಚೆಚೀಟಿ: ಬೇಕು ರೀ. ನೀರಿನಲ್ಲಿ ನೆನೆಸಿ ಲಕೋಟೆಯಿಂದ ಅಂಚಿನ ಹಲ್ಲು ಹರಿಯದಂತೆ ಒಂದು ಚೀಟಿ ಬಿಡಿಸಿ ತೋರಿಸಿ, ಆಮೇಲೆ ಮಾತಾಡೋಣ.

ಗಂಗಾವತಿ ಅಕ್ಕ: ನಿಮ್ಮ ಜಗಳದಲ್ಲಿ ಆ ಹುಡುಗನನ್ನೇ ಮರೆತಿರಲ್ಲ! ತಮ್ಮಾ, ನಾನು ನರ್ಸ್, ನನಗೂ ರಾತ್ರಿ ಪಾಳಿ ಇದೆ. ಭರತನಾಟ್ಯ ಬಿಟ್ಟಿಲ್ಲ. ಹಾಸ್ಟೆಲಿನಲ್ಲಿ ಹಗಲು ಮಲಗುವವರಿದ್ದಾಗ ಕೈಯಲ್ಲೇ ತಾಳ ಹಾಕಿ ಜತಿ, ಅಂದರೆ ಕುಣಿತದ ಲಯದ ಅಕ್ಷರ, ಹೇಳಿಕೊಳ್ಳುತ್ತಿದ್ದೆ. ನೀನೂ ತಬಲಾ ಅಭ್ಯಾಸದ ಕಾಯಿದಾ ಬಾಯಲ್ಲಿ ಹೇಳು, ಬೋಲು ಮರೆಯಲ್ಲ. ಜೋಡಿ ಈಗಲೇ ರೂಮಿಗೆ ತರಬೇಡ. ವಾರದ ರಜೆಗೆ ಊರಿಗೆ ಹೋಗಿ ಬಾರಿಸು.

ರಾಯಚೂರು ತಬಲಾ: ವಾರಕ್ಕೊಮ್ಮೆ ಬಾರಿಸಿದರೆ ಬೆರಳು ಏಳಲ್ಲ ಅಕ್ಕಾ.

ಗಂಗಾವತಿ ಅಕ್ಕ: ಏಳುತ್ತೆ. ನನ್ನ ಕಾಲು ಎದ್ದಿಲ್ವಾ?