ಬ್ರಿಸಲ್‌ನೋಸ್ ಮೊಟ್ಟೆ ಇಡುತ್ತದೆ, ಗಂಡು ಹೊರಗೆ ತಳ್ಳುತ್ತದೆ: ಮಡಿಕೇರಿ ಕಡೆಯವರು ದಯವಿಟ್ಟು ನೋಡಿ

ಗಾಳಿಬೀಡು

ಎಲ್ಲರಿಗೂ ನಮಸ್ಕಾರ. ಬ್ರಿಸಲ್‌ನೋಸ್ (ಗಾಜು, ಮರಕ್ಕೆ ಅಂಟಿ ಪಾಚಿ ಕೆರೆದು ತಿನ್ನುವ ಮೀನು) ಮರಿ ಮಾಡಿಸಿದವರು ಯಾರಾದರೂ ಇದ್ದರೆ ಸಹಾಯ ಮಾಡಿ.

ಟ್ಯಾಂಕ್ ಮೂರಡಿಯದು, ಸುಮಾರು 100 ಲೀಟರ್ ನೀರು. ಒಂದು ಗಂಡು, ಎರಡು ಹೆಣ್ಣು. ಗಂಡಿನ ಮೂತಿ ತುಂಬ ಕವಲೊಡೆದ ಮೆತ್ತನೆಯ ಕುಡಿಗಳಿವೆ. ಹೆಣ್ಣುಗಳಿಗೆ ತುಟಿಯ ಅಂಚಿನಲ್ಲಿ ಮಾತ್ರ ಚೂರುಪಾರು. ಹಾಗಾಗಿ ಜೋಡಿ ಬಗ್ಗೆ ಅನುಮಾನ ಇಲ್ಲ. ಜೊತೆಗೆ ಒಂದಷ್ಟು ಗಪ್ಪಿ ಮೀನುಗಳಿವೆ. ಟ್ಯಾಂಕಿನ ಅಂಚಿಗೆ ತೂಗುಹಾಕುವ ಹ್ಯಾಂಗ್ ಆನ್ ಫಿಲ್ಟರ್, 100 ವ್ಯಾಟ್ ಹೀಟರ್. ನೀರು ಮನೆ ಹಿಂದಿನ ಒರತೆಯಿಂದ ಪೈಪಿನಲ್ಲಿ ಬರುತ್ತದೆ. ಮೊಟ್ಟೆ ಇಡುವ ಗುಹೆಗೆ ಅಂತ ಪಿವಿಸಿ ಪೈಪಿನ ತುಂಡು ಹಾಕಿದ್ದೇವೆ, ಎರಡೂ ಕಡೆ ತೆರೆದಿದೆ. ಮಾವ ತೋಟದಿಂದ ತಂದುಕೊಟ್ಟ ಹಳೇ ಕಾಫಿ ಬೇರು ಒಂದಿದೆ, ಅದನ್ನು ಮೀನುಗಳು ಸದಾ ಕೆರೆಯುತ್ತಿರುತ್ತವೆ.

ಮಳೆ ಹಿಡಿದಾಗಿನಿಂದ ಮೊಟ್ಟೆ ಇಡುವುದಕ್ಕೇನೂ ಕೊರತೆ ಇಲ್ಲ. ಎರಡು ಮೂರು ದಿನ ಚೆನ್ನಾಗಿರುತ್ತದೆ, ಗಂಡು ಕೂತು ರೆಕ್ಕೆ ಬೀಸುತ್ತದೆ. ಆಮೇಲೆ ಬೆಳಿಗ್ಗೆ ಎದ್ದು ನೋಡಿದರೆ ಅರ್ಧ ಮೊಟ್ಟೆ ಬೆಳ್ಳಗಾಗಿ, ಇಡೀ ಗೊಂಚಲು ಹೊರಗೆ ಬಿದ್ದಿರುತ್ತದೆ. ಒಂದು ಸಲ ಮಾತ್ರ ಮರಿ ಆದವು. ಅವೂ ಗುಹೆಯಿಂದ ಹೊರಗೆ ಬಂದ ಮೇಲೆ ಹೊಟ್ಟೆ ಒಳಗೆ ಸೇರಿ ಒಂದೊಂದೇ ಸತ್ತವು. ಕೇಳಿದವರೆಲ್ಲ "ತಣ್ಣೀರು ಹಾಕಿ ನೀರು ಬದಲಿಸಿ" ಅಂತಾರೆ. ಮಾಡಿದರೆ ಮತ್ತೆ ಮೊಟ್ಟೆ ಇಡುತ್ತವೆ, ಮತ್ತೆ ಅದೇ ಕಥೆ. ಗಂಡನ್ನೇ ಬದಲಿಸಬೇಕಾ?

ಕುಶಾಲನಗರ ಟ್ಯಾಂಕ್

ಅಕ್ಕಾ, ಗಂಡು ಇನ್ನೂ ಎಳೆಯದಿರಬೇಕು. ಮೊದಮೊದಲ ಮೊಟ್ಟೆಗಳನ್ನು ಎಷ್ಟೋ ಗಂಡುಗಳು ಹಾಳು ಮಾಡುತ್ತವೆ, ಆಮೇಲೆ ತಾವೇ ಕಲಿಯುತ್ತವೆ. ಇನ್ನೊಂದು, ಗುಹೆಗೆ ಎರಡು ಬಾಗಿಲು ಇರಬಾರದು. ಹಿಂದಿನಿಂದ ಗಪ್ಪಿ ನುಗ್ಗಿದರೆ ಗಂಡಿಗೆ ಕಾಯುವುದು ಕಷ್ಟ. ಒಂದು ಬದಿಗೆ ಎಂಡ್ ಕ್ಯಾಪ್ ಹಾಕಿ.

ನಮ್ಮಲ್ಲಿ ವರ್ಷದ ಹೆಚ್ಚಿನ ದಿನ ಹೀಟರೇ ಬೇಡ. ವಾರಕ್ಕೊಮ್ಮೆ ತಣ್ಣನೆ ಬೋರ್‌ವೆಲ್ ನೀರು ಹಾಕುತ್ತೇನೆ, ಮರಿ ಬೇಕಾದಷ್ಟು. ನೀವೂ ಅದನ್ನೇ ಮುಂದುವರಿಸಿ, ಸ್ವಲ್ಪ ತಾಳ್ಮೆ ಇರಲಿ.

ನಾಪೋಕ್ಲು ಮೀನುಮನೆ

ಗುಹೆಯ ಮಾತು ಸರಿ. ಆದರೆ ಗಂಡನ್ನು ಬದಲಿಸಬೇಡಿ, ತಣ್ಣೀರು ಹಾಕುವುದನ್ನು ಇವತ್ತೇ ನಿಲ್ಲಿಸಿ.

ತಣ್ಣೀರಿನ ಉಪಾಯ ಬಯಲುಸೀಮೆಯವರಿಗೆ. ಟ್ಯಾಂಕ್ ನೀರು 28–29 ಡಿಗ್ರಿ ಇರುವ ಊರಲ್ಲಿ ಎರಡು ಮೂರು ಡಿಗ್ರಿ ಇಳಿಸಿದರೆ ಮೀನಿಗೆ ಮಳೆ ಬಂದಂತೆ ಅನಿಸುತ್ತದೆ, ಮೊಟ್ಟೆ ಇಡುತ್ತದೆ. ನಮ್ಮ ಕಡೆ ಮಳೆ ತಾನಾಗಿಯೇ ಬಂದಿದೆ. ಕೊಡಗಿನಲ್ಲಿ ಈ ಮೀನಿನಿಂದ ಮೊಟ್ಟೆ ಇಡಿಸುವುದು ಕಷ್ಟವಲ್ಲ. ಇಟ್ಟ ಮೇಲೆ ಒಂದು ವಾರ ನೀರನ್ನು ಒಂದೇ ಸಮ ಇಟ್ಟುಕೊಳ್ಳುವುದು ಕಷ್ಟ. ಕುಶಾಲನಗರದವರ ಹವೆ ಬೇರೆ, ಅವರ ಬೋರ್‌ವೆಲ್ ನೀರೂ ಬೇರೆ.

ಮೊಟ್ಟೆ ಯಾವಾಗ ಬೆಳ್ಳಗಾಗುತ್ತದೆ ಅನ್ನುವುದರಲ್ಲೇ ಅರ್ಧ ಉತ್ತರ ಇದೆ. ಒಂದು ದಿನದೊಳಗೆ, ಹೆಚ್ಚೆಂದರೆ ಎರಡನೇ ದಿನ ಬೆಳ್ಳಗಾದರೆ ಫಲ ಕಟ್ಟಿಲ್ಲ ಅಂತ. ಆಗ ಗಂಡಿನ ಮೇಲೆ ಅನುಮಾನ ಪಡಬಹುದು. ಚೆನ್ನಾಗಿದ್ದು ಆಮೇಲೆ ಬೆಳ್ಳಗಾದರೆ ಒಳಗೆ ಬೆಳೆಯುತ್ತಿದ್ದ ಮರಿ ಸತ್ತಿದೆ. ಸತ್ತ ಮೊಟ್ಟೆಗೆ ಬೂಸ್ಟು ಹಿಡಿದು ಪಕ್ಕದ್ದಕ್ಕೂ ಹರಡುತ್ತದೆ. ನೀರು ತಣ್ಣಗಿದ್ದಷ್ಟೂ ಮೊಟ್ಟೆ ಒಡೆಯುವುದು ತಡ, ಬೂಸ್ಟಿಗೆ ಅಷ್ಟು ಹೆಚ್ಚು ಸಮಯ ಸಿಗುತ್ತದೆ. ಗಂಡು ಹೊರಗೆ ತಳ್ಳುವುದು ಕೆಟ್ಟದ್ದನ್ನು. ಅದು ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿದೆ.

ಮೂರು ವಿಷಯ ನೋಡಿ ಹೇಳಿ. ಬೆಳಿಗ್ಗೆ ಬೇಗ ನೀರಿನ ಬಿಸಿ ಎಷ್ಟು, ಸಂಜೆ ಎಷ್ಟು? ಪಿಎಚ್ (ನೀರಿನ ಹುಳಿಯ ಅಳತೆ, ಇಳಿದಷ್ಟೂ ಹುಳಿ) ಮತ್ತು ಕೆಎಚ್ (ಆ ಹುಳಿಯನ್ನು ತಡೆಯುವ ಅಂಶ) ಎಷ್ಟು? ಹನಿ ಹಾಕಿ ನೋಡುವ ಕಿಟ್ ಇದ್ದರೆ ಒಳ್ಳೆಯದು. ಕರೆಂಟ್ ಹೋದಾಗ ಏನು ಮಾಡುತ್ತೀರಿ?

ಗಾಳಿಬೀಡು

ನೋಡಿದೆ. ಸಂಜೆ 24–25 ಇರುತ್ತದೆ. ರಾತ್ರಿ ಕರೆಂಟ್ ಹೋಗಿದ್ದರೆ ಬೆಳಿಗ್ಗೆ 19. ಕರೆಂಟ್ ಇದ್ದರೂ 22 ದಾಟುವುದಿಲ್ಲ, ಹೀಟರಿನ ದೀಪ ಆರುವುದೇ ಇಲ್ಲ. ಪಿಎಚ್ ಪಟ್ಟಿಯಲ್ಲಿ ಕೊನೆಯ ಬಣ್ಣ 6, ನಮ್ಮದು ಅದಕ್ಕಿಂತಲೂ ಕೆಳಗೆ ಇದ್ದಂತಿದೆ. ಕೆಎಚ್ ಕಿಟ್‌ನಲ್ಲಿ ನೀಲಿ ಆಗಿ ಆಮೇಲೆ ಹಳದಿ ಆಗಬೇಕು ಅಂತ ಬರೆದಿದೆ. ನೀಲಿ ಕಾಣಲೇ ಇಲ್ಲ, ಮೊದಲ ಹನಿಗೇ ಹಳದಿ. ಕಿಟ್ ಹಾಳಾಗಿದೆಯಾ?

ಈಗ ಕಕ್ಕಡ, ಜೋರು ಮಳೆಯ ತಿಂಗಳು ಅಲ್ವಾ, ಲೈನ್ ಮೇಲೆ ಮರ ಬಿದ್ದರೆ ಕರೆಂಟ್ ಬರುವುದು ಯಾವಾಗಲೋ. ಇನ್ವರ್ಟರ್ ಇದೆ, ಟ್ಯಾಂಕಿಗೆ ಕೊಟ್ಟಿಲ್ಲ.

ನಾಪೋಕ್ಲು ಮೀನುಮನೆ

ಕಿಟ್ ಸರಿಯಾಗಿದೆ. ಮೊದಲ ಹನಿಗೇ ಹಳದಿ ಅಂದರೆ ನಿಮ್ಮ ನೀರಿನಲ್ಲಿ ಕೆಎಚ್ ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ತೋಟ ಇರುವ ಮನೆಯವರಿಗೆ ಇದು ಬೇಗ ಅರ್ಥವಾಗುತ್ತದೆ. ವರ್ಷವೂ ಇಷ್ಟು ಮಳೆ ಸುರಿದು ನಮ್ಮ ಮಣ್ಣಿನ ಸುಣ್ಣದ ಅಂಶ ತೊಳೆದು ಹೋಗುತ್ತದೆ, ಅದಕ್ಕೇ ಕಾಫಿಗೆ ಸುಣ್ಣ ಕೊಡುತ್ತೇವೆ. ಅದೇ ಮಣ್ಣಿನಿಂದ ಒಸರಿದ ಒರತೆ ನೀರಿನಲ್ಲಿ ಸುಣ್ಣ ಎಲ್ಲಿಂದ ಬರಬೇಕು?

ಕೆಎಚ್ ಅಂದರೆ ನೀರು ಹುಳಿಯಾಗದಂತೆ ತಡೆಯುವ ಅಂಶ. ಫಿಲ್ಟರಿನ ಬ್ಯಾಕ್ಟೀರಿಯಾ ಮೀನಿನ ಹೊಲಸನ್ನು ನೈಟ್ರೇಟ್ ಮಾಡುವಾಗ ಈ ಅಂಶವನ್ನು ದಿನದಿನ ತಿನ್ನುತ್ತವೆ. ಅದು ಖಾಲಿಯಾದರೆ ಪಿಎಚ್ ಇಳಿಯುತ್ತದೆ. 6ಕ್ಕಿಂತ ಕೆಳಗೆ ಹೋದರೆ ಬ್ಯಾಕ್ಟೀರಿಯಾಗಳೂ ಬಹುತೇಕ ಕೆಲಸ ನಿಲ್ಲಿಸುತ್ತವೆ. ದೊಡ್ಡ ಮೀನು ಹೇಗೋ ತಡೆದುಕೊಳ್ಳುತ್ತದೆ, ಮರಿಗೆ ಆಗುವುದಿಲ್ಲ. ಮರಿ ಸತ್ತಿದ್ದರಲ್ಲಿ ಇದರ ಪಾಲು ದೊಡ್ಡದು ಅಂತ ನನ್ನ ನಂಬಿಕೆ. ಹೊಟ್ಟೆ ಒಳಗೆ ಹೋಗಿತ್ತು ಅಂದಿರಲ್ಲ, ಹಸಿವೂ ಸೇರಿದೆ.

ಈಗ ದಯವಿಟ್ಟು ಇದನ್ನು ನಿಧಾನವಾಗಿ ಓದಿ. ಪಿಎಚ್ ಕಡಿಮೆ ಅಂತ ಒಮ್ಮೆಲೇ ಏರಿಸಬೇಡಿ. ಹುಳಿ ನೀರಿನಲ್ಲಿ ಸೇರಿರುವ ಅಮೋನಿಯಾ ಬಹುಪಾಲು ಅಮೋನಿಯಂ ರೂಪದಲ್ಲಿರುತ್ತದೆ, ಅದರ ವಿಷ ಕಡಿಮೆ. ಪಿಎಚ್ ಸರ್ರನೆ 7.5ಕ್ಕೆ ಹೋದರೆ ಅದರಲ್ಲಿ ಒಂದು ಪಾಲು ಅಲ್ಲೇ ವಿಷದ ಅಮೋನಿಯಾ ಆಗುತ್ತದೆ. ಒಳ್ಳೆಯದು ಮಾಡಲು ಹೋಗಿ ರಾತ್ರಿ ಬೆಳಗಾಗುವುದರಲ್ಲಿ ಟ್ಯಾಂಕ್ ಖಾಲಿಯಾಗುವುದು ಹೀಗೇ. ಆದ್ದರಿಂದ ಮೊದಲ ಕೆಲವು ದಿನ ಬರೀ ನೀರು ಬದಲಿಸಿ, ದಿನಕ್ಕೆ ಹತ್ತು ಹನ್ನೆರಡು ಲೀಟರ್. ಹೊಸ ನೀರನ್ನು ಬಿಸಿನೀರು ಬೆರೆಸಿ ಟ್ಯಾಂಕಿನ ಮಟ್ಟಕ್ಕೇ ತನ್ನಿ. ಅಮೋನಿಯಾ ಕಿಟ್‌ನಲ್ಲಿ ಸೊನ್ನೆ ಬಂದ ಮೇಲೆ ಅಡುಗೆ ಸೋಡಾ ಶುರು ಮಾಡಿ. 100 ಲೀಟರಿಗೆ ಅರ್ಧ ಟೀ ಚಮಚ ಹಾಕಿದರೆ ಕೆಎಚ್ ಸುಮಾರು 1 ಏರುತ್ತದೆ. ದಿನಕ್ಕೆ ಅಷ್ಟೇ, ಲೋಟದಲ್ಲಿ ಕರಗಿಸಿ ಹಾಕಿ. 3–4 ಬಂದರೆ ಸಾಕು, ಪಿಎಚ್ 7ರ ಆಸುಪಾಸು ನಿಲ್ಲುತ್ತದೆ. ಆಮೇಲೆ ಚೆನ್ನಾಗಿ ತೊಳೆದು ಕುದಿಸಿದ ಚಿಪ್ಪಿನ ಚೂರನ್ನು ಒಂದು ಹಿಡಿ ಜಾಲರಿ ಚೀಲದಲ್ಲಿ ಕಟ್ಟಿ ಫಿಲ್ಟರಿನಲ್ಲಿಡಿ. ಮಂಗಳೂರು ಕಡೆ ನೆಂಟರಿದ್ದರೆ ಮರುವಾಯಿ ತಿಂದ ಮೇಲೆ ಚಿಪ್ಪು ಎಸೆಯಬೇಡಿ ಅನ್ನಿ. ಅದು ನಿಧಾನವಾಗಿ ಕರಗುತ್ತಾ ನೀರನ್ನು ಕಾಯುತ್ತದೆ. ತೋಟದ ಸುಣ್ಣ ಮಾತ್ರ ಟ್ಯಾಂಕಿನ ಹತ್ತಿರವೂ ಬೇಡ. ಸುಟ್ಟ ಸುಣ್ಣ ಬಿದ್ದರೆ ಪಿಎಚ್ ಹಾರಿ ಮೀನು ಉಳಿಯುವುದಿಲ್ಲ.

ಬಿಸಿಯ ವಿಷಯ. ಹೀಟರ್ ದೀಪ ಆರುವುದಿಲ್ಲ ಅಂದರೆ ಅದರ ಶಕ್ತಿ ಸಾಲುತ್ತಿಲ್ಲ. ಲೀಟರಿಗೆ 1 ವ್ಯಾಟ್ ಅನ್ನುವ ಲೆಕ್ಕ ಬೆಚ್ಚಗಿನ ಊರಿನದು. ಇನ್ನೊಂದು 100 ವ್ಯಾಟಿನದು ಸೇರಿಸಿ. ಒಂದೇ ದೊಡ್ಡದಕ್ಕಿಂತ ಎರಡು ಸಣ್ಣದು ವಾಸಿ, ಒಂದು ಕೆಟ್ಟರೂ ಇನ್ನೊಂದು ಕೈ ಹಿಡಿಯುತ್ತದೆ. 25ಕ್ಕೆ ಇಡಿ. ಹಿಂಬದಿ, ಎರಡು ಪಕ್ಕ, ಅಡಿಗೆ ಥರ್ಮೋಕೋಲ್, ಮೇಲೆ ಗಾಜಿನ ಮುಚ್ಚಳ.

ಇನ್ವರ್ಟರಿಗೆ ಹೀಟರ್ ಕೊಡಬೇಡಿ. 150 ಎಎಚ್ ಬ್ಯಾಟರಿ ಇದ್ದರೂ 200 ವ್ಯಾಟ್ ಎಳೆದರೆ ಏಳು ಗಂಟೆಯೊಳಗೆ ಕುಸಿಯುತ್ತದೆ, ಮನೆ ದೀಪಕ್ಕೂ ಉಳಿಯುವುದಿಲ್ಲ. ಗಾಳಿ ಪಂಪಿಗೆ ಬೇಕಾಗುವುದು ನಾಲ್ಕೈದು ವ್ಯಾಟ್, ಅದನ್ನು ಮಾತ್ರ ಕೊಡಿ. ಒಂದು ಸ್ಪಂಜ್ ಫಿಲ್ಟರ್ ಅದಕ್ಕೆ ಹಾಕಿದರೆ ಉಸಿರೂ ಆಯಿತು, ಬ್ಯಾಕ್ಟೀರಿಯಾವೂ ಬದುಕಿತು. ಹ್ಯಾಂಗ್ ಆನ್ ಗಂಟೆಗಟ್ಟಲೆ ನಿಂತು ಮತ್ತೆ ಶುರುವಾದರೆ ಒಳಗೆ ಕೊಳೆತದ್ದನ್ನೆಲ್ಲ ಟ್ಯಾಂಕಿಗೆ ಉಗುಳುತ್ತದೆ. ಕರೆಂಟ್ ಬಂದ ಮೇಲೆ ಅದರ ಸ್ಪಂಜನ್ನು ಬಕೆಟ್ಟಿಗೆ ತೆಗೆದ ಟ್ಯಾಂಕ್ ನೀರಿನಲ್ಲಿ ಹಿಂಡಿ ಆಮೇಲೆ ಹಾಕಿ. ಬಿಸಿಗೆ ಟ್ಯಾಂಕ್ ಮೇಲೆ ಕಂಬಳಿ ಹೊದಿಸಿ. ಬಚ್ಚಲ ಹಂಡೆಯ ಬಿಸಿನೀರನ್ನು ಬಾಟಲಿಗೆ ತುಂಬಿ, ಬಿಗಿಯಾಗಿ ಮುಚ್ಚಿ, ಟ್ಯಾಂಕಿನಲ್ಲಿ ತೇಲಿಬಿಡಿ. ರಾತ್ರಿ ಒಮ್ಮೆ ಎದ್ದು ಬದಲಿಸಿದರೆ ಬಿಸಿ ಸರ್ರನೆ ಇಳಿಯುವುದಿಲ್ಲ.

ಪೊನ್ನಂಪೇಟೆ ತೋಟ

ಎಲ್ಲ ಸರಿ, ಆದರೆ ಆ ಕಾಫಿ ಬೇರಿನ ಬಗ್ಗೆ ಯಾರೂ ಕೇಳಲಿಲ್ಲ. ತಂಗೀ, ಆ ಗಿಡಕ್ಕೆ ಬೋರ್ಡೋ ದ್ರಾವಣ ಹೊಡೆದಿದ್ದರಾ? ಮಳೆಗೆ ಮುಂಚೆ ಕಾಫಿಗೂ ಮೆಣಸಿಗೂ ಹೊಡೆಯುವುದು ಅದನ್ನೇ ತಾನೆ. ಅದರಲ್ಲಿರುವುದು ಮೈಲುತುತ್ತು, ಅಂದರೆ ತಾಮ್ರ. ವರ್ಷವರ್ಷ ಇಳಿದದ್ದು ತೊಗಟೆಯಲ್ಲೂ ಬುಡದ ಮಣ್ಣಲ್ಲೂ ಕೂತಿರುತ್ತದೆ. ಮೀನಿಗೆ ತಾಮ್ರ ವಿಷ. ನೀರು ಮೆದುವಾಗಿ ಹುಳಿಯಾಗಿ ಇದ್ದರೆ ಇನ್ನೂ ಜಾಸ್ತಿ ವಿಷ. ನಿಮ್ಮ ಮೀನು ಅದನ್ನೇ ದಿನವೂ ಕೆರೆದು ತಿನ್ನುತ್ತಿದೆ.

ಅದನ್ನು ತೆಗೆದುಬಿಡಿ. ಅಂಗಡಿಯ ಡ್ರಿಫ್ಟ್‌ವುಡ್ ತನ್ನಿ, ಈ ಮೀನಿಗೆ ಮರ ಕೆರೆಯುವುದೆಂದರೆ ಇಷ್ಟ. ಬೋರ್ಡೋ ಹೊಡೆಯುವ ದಿನಗಳಲ್ಲಿ ಮನೆ ಮಾಡಿನಿಂದ ಇಳಿದ ನೀರು, ತೋಟದೊಳಗಿನ ತೆರೆದ ತೊಟ್ಟಿ ನೀರು ಟ್ಯಾಂಕಿಗೆ ಹಾಕಬೇಡಿ.

ಗುಹೆಗೆ ಪಿವಿಸಿ ಬದಲು ಬಿದಿರು ನೋಡಿ. ಒಂದು ಗಂಟು ಉಳಿಸಿ ಕೊಯ್ದರೆ ಹಿಂಬದಿ ತಾನೇ ಮುಚ್ಚಿರುತ್ತದೆ. ಒಳಗಿನ ಅಗಲ 4–5 ಸೆಂಟಿಮೀಟರ್, ಉದ್ದ ಸುಮಾರು 15 ಇರಲಿ. ಗಂಡು ಒಳಗೆ ಹೋದರೆ ಪಕ್ಕದಲ್ಲಿ ಜಾಗ ಉಳಿಯಬಾರದು, ಬಾಗಿಲಿಗೆ ಅದರ ಮೈಯೇ ಅಗುಳಿ. ಚೆನ್ನಾಗಿ ಕುದಿಸಿ, ಕಲ್ಲು ಕಟ್ಟಿ ಮುಳುಗಿಸಿ. ಕೆಲವು ತಿಂಗಳಲ್ಲಿ ಮೆತ್ತಗಾಗುತ್ತದೆ, ಆಗ ಹೊಸದು ಕಡಿದರಾಯಿತು.

ಗಾಳಿಬೀಡು

ಮಾವನನ್ನು ಕೇಳಿದೆ. ಬೋರ್ಡೋ ಹೊಡೆಯುತ್ತಿದ್ದ ಗಿಡವೇ ಅಂತೆ. ಬೇರು ಆಗಲೇ ಹೊರಗೆ ಹೋಯಿತು. ಬಿದಿರು ಕಡಿಸಿದ್ದೇನೆ. ಹೀಟರ್ ನಾಳೆ ಮಡಿಕೇರಿಗೆ ಹೋದಾಗ.

ಒಂದು ಪ್ರಶ್ನೆ. ಮತ್ತೆ ಹೊರಗೆ ತಳ್ಳಿದರೆ ಆ ಗೊಂಚಲನ್ನು ಉಳಿಸಿಕೊಳ್ಳುವ ದಾರಿ ಇದೆಯಾ?

ನಾಪೋಕ್ಲು ಮೀನುಮನೆ

ಇದೆ. ಹೊಸ ಟೀ ಸೋಸುವ ಪ್ಲಾಸ್ಟಿಕ್ ಜಾಲರಿಯಲ್ಲಿ ಗೊಂಚಲನ್ನು ಇಟ್ಟು ಅದೇ ಟ್ಯಾಂಕಿನಲ್ಲಿ ತೂಗಿಬಿಡಿ. ಕೆಳಗೆ ಗಾಳಿ ಕಲ್ಲು ಇರಲಿ, ಗುಳ್ಳೆ ತಾಕಿ ಮೊಟ್ಟೆ ಮೆಲ್ಲಗೆ ಅಲುಗಬೇಕು. ಬೆಳ್ಳಗಾದದ್ದನ್ನು ದಿನಕ್ಕೆರಡು ಸಲ ಚಿಮಟದಲ್ಲಿ ತೆಗೆಯಿರಿ. ಬೂಸ್ಟು ತಡೆಯುವ ನೀಲಿ ಔಷಧಿ ಮೆಥಿಲೀನ್ ಬ್ಲೂ ಹಾಕುವುದಾದರೆ ಬೇರೆ ಡಬ್ಬದಲ್ಲಿ. ದೊಡ್ಡ ಟ್ಯಾಂಕಿಗೆ ಬಿದ್ದರೆ ಫಿಲ್ಟರಿನ ಬ್ಯಾಕ್ಟೀರಿಯಾ ಸಾಯುತ್ತವೆ. ಆದರೂ ಗಂಡು ಕಾಯುವಷ್ಟು ಚೆನ್ನಾಗಿ ನಾವು ಕಾಯಲು ಆಗುವುದಿಲ್ಲ, ಮೊದಲ ಅವಕಾಶ ಅದಕ್ಕೇ ಕೊಡಿ. ಟಾರ್ಚ್ ಹಾಕಿ ಪದೇ ಪದೇ ನೋಡಬೇಡಿ. ಆ ದಿನಗಳಲ್ಲಿ ಅದು ಊಟಕ್ಕೂ ಹೊರಗೆ ಬರದಿರಬಹುದು, ಗಾಬರಿ ಬೇಡ.

ಗಾಳಿಬೀಡು

ಕೈಲ್‌ಪೊಳ್ದ್ ಹಬ್ಬದ ಗಡಿಬಿಡಿಯಲ್ಲಿ ಬರೆಯುವುದು ತಡವಾಯಿತು. ಕೆಎಚ್ ಈಗ 3, ಪಿಎಚ್ 7. ಬೆಳಿಗ್ಗೆಯೂ 24ಕ್ಕಿಂತ ಇಳಿದಿಲ್ಲ. ಒಂದು ರಾತ್ರಿ ಪೂರ್ತಿ ಕರೆಂಟ್ ಇರಲಿಲ್ಲ, ಬಾಟಲಿ ಮತ್ತು ಕಂಬಳಿಯಲ್ಲಿ 23ಕ್ಕೆ ನಿಂತಿತು.

ಹೊಸ ಗೊಂಚಲು ಬಿದಿರಿನಲ್ಲೇ ಇಟ್ಟಿದೆ. ಒಂದೇ ಒಂದು ಸಲ ಇಣುಕಿದೆ. ಗಂಡು ಬಾಗಿಲು ತುಂಬಿಕೊಂಡು ಎದೆಯ ರೆಕ್ಕೆ ಬೀಸುತ್ತಿತ್ತು, ಅದರ ಹೊಟ್ಟೆಯಡಿ ಕಿತ್ತಳೆ ಮೊಟ್ಟೆಗಳು, ಪ್ರತಿಯೊಂದರಲ್ಲೂ ಎರಡು ಕಪ್ಪು ಚುಕ್ಕೆ. ಈಗ ಒಡೆದಿವೆ! ಹಳದಿ ಚೀಲ ಹೊತ್ತುಕೊಂಡು ಬಿದಿರಿನ ಒಳಗೋಡೆಗೆ ಅಂಟಿಕೊಂಡಿವೆ. ಹಿಂದಿನ ಸಲ ಸತ್ತದ್ದು ಇದರ ನಂತರವೇ, ಈಗ ಏನು ಕೊಡಲಿ?

ಕುಶಾಲನಗರ ಟ್ಯಾಂಕ್

ತುಂಬಾ ಖುಷಿಯಾಯಿತು ಅಕ್ಕ. ಚಿಪ್ಪಿನ ಉಪಾಯ ನನಗೂ ಹೊಸದು, ಬರೆದಿಟ್ಟುಕೊಂಡೆ.

ನಾಪೋಕ್ಲು ಮೀನುಮನೆ

ಈಗ ಏನೂ ಕೊಡಬೇಡಿ. ಹಳದಿ ಚೀಲ ಕರಗುವವರೆಗೆ, ಅಂದರೆ ಐದಾರು ದಿನ, ಅದೇ ಅವುಗಳ ಊಟ. ಚೀಲ ಕರಗಿ ಗಾಜಿನ ಮೇಲೆ ಕಾಣಿಸಿಕೊಂಡ ದಿನದಿಂದ ಹೊಟ್ಟೆ ಖಾಲಿ ಬಿಡಬಾರದು. ಇವು ಹಗಲು ರಾತ್ರಿ ಕೆರೆದು ತಿನ್ನುವ ಜಾತಿ, ದಿನಕ್ಕೆರಡು ಹೊತ್ತು ಅನ್ನುವ ಲೆಕ್ಕ ನಡೆಯುವುದಿಲ್ಲ. ಸಿಹಿಕುಂಬಳದ ಹೋಳು, ಸೌತೆಕಾಯಿ, ಪಾಲಕ್ ಎಲೆ, ಯಾವುದಾದರೂ ಸರಿ, ಸ್ವಲ್ಪ ಬೇಯಿಸಿ ಫೋರ್ಕ್ ಚುಚ್ಚಿ ಮುಳುಗಿಸಿ. ಅಂಗಡಿ ತರಕಾರಿ ಆದರೆ ಸಿಪ್ಪೆ ತೆಗೆಯಿರಿ. ಸಂಜೆ ಆಲ್ಗೆ ವೇಫರ್ (ಅಂಗಡಿಯಲ್ಲಿ ಸಿಗುವ ಪಾಚಿ ಬಿಲ್ಲೆ) ಚೂರು. ಮರಿಯನ್ನು ಗಾಜಿನ ಹೊರಗಿನಿಂದ ನೋಡಿದರೆ ಹೊಟ್ಟೆ ಕಾಣುತ್ತದೆ, ಉಬ್ಬಿ ಹಸಿರಾಗಿ ಇದ್ದರೆ ತಿನ್ನುತ್ತಿದೆ ಅಂತ.

ತರಕಾರಿಯನ್ನು ಒಂದು ದಿನಕ್ಕಿಂತ ಜಾಸ್ತಿ ಬಿಡಬೇಡಿ, ಕೊಳೆತರೆ ಅಮೋನಿಯಾ. ಹತ್ತು ಹನ್ನೆರಡು ಲೀಟರ್ ನೀರು ಎರಡು ದಿನಕ್ಕೊಮ್ಮೆ ಬದಲಿಸುತ್ತಾ ಇರಿ. ಹ್ಯಾಂಗ್ ಆನ್ ಬಾಯಿಗೆ ಸ್ಪಂಜ್ ಸಿಕ್ಕಿಸಿ, ಇಲ್ಲದಿದ್ದರೆ ಮರಿಯನ್ನು ಒಳಗೆ ಎಳೆಯುತ್ತದೆ.

ಮರಿ ಜಾಸ್ತಿ ಆಯಿತು ಅಂತ ತೋಟದ ಕೆರೆಗೋ ಕಾವೇರಿಗೋ ಬಿಡಬೇಡಿ. ಇದು ದಕ್ಷಿಣ ಅಮೆರಿಕದ ಮೀನು. ಇದರ ದೊಡ್ಡ ನೆಂಟ, ಅಂಗಡಿಯವರು ಸಕ್ಕರ್ ಅನ್ನುವುದು, ಈಗಾಗಲೇ ನಮ್ಮ ದೇಶದ ಎಷ್ಟೋ ಕೆರೆ ಹೊಳೆ ಸೇರಿ ಅಲ್ಲಿನ ಮೀನುಗಳಿಗೆ ಕಂಟಕವಾಗಿದೆ. ಒಂದು ಇಂಚು ದಾಟಿದ ಮೇಲೆ ಟ್ಯಾಂಕ್ ಇರುವವರಿಗೆ ಕೊಡಿ, ಇಲ್ಲಿ ಕೇಳಿದರೆ ತೆಗೆದುಕೊಳ್ಳುವವರು ಸಿಗುತ್ತಾರೆ.

ಪೊನ್ನಂಪೇಟೆ ತೋಟ

ಆರು ಮರಿ ನನಗೆ ಎತ್ತಿಡಿ ತಂಗೀ. ಕೊಡುವಾಗ ನಿಮ್ಮ ನೀರಿನ ಪಿಎಚ್, ಕೆಎಚ್ ಒಂದು ಚೀಟಿಯಲ್ಲಿ ಬರೆದುಕೊಡಿ, ನನ್ನ ಟ್ಯಾಂಕನ್ನು ಮುಂಚೆಯೇ ಅದಕ್ಕೆ ಹೊಂದಿಸಿಕೊಳ್ಳುತ್ತೇನೆ.