ನಾಲ್ಕಡಿ ರಿಂಗ್ ಸಂಪ್ ಎಷ್ಟು ಲೀಟರ್ ಹಿಡಿಯುತ್ತದೆ? ಮಾಡಿಸಿದವರು ಹೇಳಿ

ಪ್ರಶ್ನೆ: ಸಿಮೆಂಟ್ ರಿಂಗ್ ಇಳಿಸಿ ಸಂಪ್ ಮಾಡಿಸಬೇಕು. ನಾಲ್ಕಡಿ ರಿಂಗ್, ಒಂದೊಂದು ಅಡಿ ಎತ್ತರ, ಒಟ್ಟು ಹತ್ತು. 4,000 ಲೀಟರ್ ಟ್ಯಾಂಕರ್ ಪೂರ್ತಿ ಖಾಲಿ ಮಾಡಿಸಬಹುದಾ?

ತುಮಕೂರಿನಿಂದ: ನಮ್ಮದೂ ಹತ್ತು ರಿಂಗ್. ಮಾರಿದವನು ‘ಅಡಿಗೆ 356 ಲೀಟರ್ ಸಾರ್, ಮೂರೂವರೆ ಸಾವಿರ ಗ್ಯಾರಂಟಿ’ ಅಂದ. ನಾಲ್ಕಡಿ ಅನ್ನುವುದು ಹೊರಗಿನ ಅಳತೆ! ಎರಡಿಂಚು ದಪ್ಪ, ಎರಡೂ ಕಡೆ ಸೇರಿ ನಾಲ್ಕಿಂಚು ಹೋಯಿತು. ಒಳಗೆ ಉಳಿದದ್ದು ಮೂರಡಿ ಎಂಟಿಂಚು, ಅಡಿಗೆ 299 ಲೀಟರ್. ಮೇಲೆ ಓವರ್‌ಫ್ಲೋ ಪೈಪಿಗೆ ಅರ್ಧ ಅಡಿ, ತಳದಲ್ಲಿ ಫುಟ್ ವಾಲ್ವಿಗೆ (ಪಂಪ್ ನೀರೆಳೆಯುವ ಪೈಪಿನ ತುದಿಯ ವಾಲ್ವ್) ಅರ್ಧ ಅಡಿ ಬಿಡಿ. ಕೈಗೆ ಸಿಗುವುದು 2,700 ಲೀಟರ್. ಖರ್ಚು ನೋಡಿದರೆ ಗುಂಡಿಗೆ 9,000 ರೂಪಾಯಿ, ರಿಂಗಿಗೆ 11,000, ಇಳಿಸುವುದಕ್ಕೆ 4,000, ಜಾಯಿಂಟ್ ಸೋರಿದ್ದಕ್ಕೆ ಇನ್ನೂ 6,500. ಟ್ಯಾಂಕರ್‌ನವನು ಪೂರ್ತಿ ದುಡ್ಡು ತಗೊಂಡು ಮಿಕ್ಕ ನೀರನ್ನು ವಾಪಸ್ ಒಯ್ಯುತ್ತಾನೆ. ಹೊಟ್ಟೆ ಉರಿಯುತ್ತದೆ.

ಹಾಸನದಿಂದ: ಆಳ ಯಾಕೆ ಬೇಕು? ಅಗಲ ಮಾಡಿ. ನಾನು ಇಟ್ಟಿಗೆಯಲ್ಲಿ ದುಂಡಗೆ, ಒಳಗಿನ ಅಳತೆಯೇ ಆರಡಿ ಬರುವ ಹಾಗೆ ನಿಂತು ಕಟ್ಟಿಸಿದೆ. ಅಗಲ ಒಂದೂವರೆ ಪಟ್ಟಾದರೆ ನೀರು ಎರಡೂಕಾಲು ಪಟ್ಟು. ಅಡಿಗೆ 800 ಲೀಟರ್, ಆರೇ ಅಡಿಗೆ 4,800. ಇವತ್ತಿಗೂ ಒಂದು ಹನಿ ಸೋರಿಲ್ಲ.

ತುಮಕೂರಿನಿಂದ: ಸ್ವಾಮಿ, ನಮ್ಮದು 20×30 ಸೈಟು. ಆರಡಿ ಎಲ್ಲಿಂದ ತರಲಿ? ಅಷ್ಟು ಜಾಗ ಇದ್ದವರು ಚೌಕವೇ ಕಟ್ಟಿಸಬಹುದಿತ್ತಲ್ಲ, ಅಡಿಗೆ 1,019 ಲೀಟರ್ ಬರುತ್ತಿತ್ತು.

ಹಾಸನದಿಂದ: ಚೌಕದ ಮೂಲೆ ಬಿರುಕು ಬಿಟ್ಟರೆ ನೀವು ಬಂದು ಪ್ಲಾಸ್ಟರ್ ಮಾಡುತ್ತೀರಾ? ದುಂಡಗಿದ್ದರೆ ಮಣ್ಣು ಸುತ್ತಲೂ ಒಂದೇ ಸಮ ಒತ್ತುತ್ತದೆ. ಬಾವಿ ಕಟ್ಟಿದ ಹಿರಿಯರು ಸುಮ್ನೆ ದುಂಡಗೆ ಕಟ್ಟಲಿಲ್ಲ.

ಕೋಲಾರದಿಂದ: ಸಂಪ್ ಆಮೇಲೆ, ಬೋರ್ ಲೆಕ್ಕ ಯಾರೂ ಹಾಕುವುದಿಲ್ಲ. ಆರೂವರೆ ಇಂಚಿನ ಬೋರಿನಲ್ಲಿ ಅಡಿಗೆ ಆರೂವರೆ ಲೀಟರ್ ನಿಂತಿರುತ್ತದೆ. ನಮ್ಮಲ್ಲಿ ಪಂಪಿನ ಮೇಲೆ ಇನ್ನೂರು ಅಡಿ ನೀರಿತ್ತು, ಅಂದರೆ 1,300 ಲೀಟರ್. ಹತ್ತು ನಿಮಿಷ ಓಡಿಸಿ ‘ಒಳ್ಳೇ ನೀರು’ ಅಂತ ಹೇಳಿ ಹೋದರು. ಅದು ನಿಂತ ನೀರು, ಸೆಲೆ ಅಲ್ಲ! ಮೋಟರ್, ಕೇಬಲ್, ಪೈಪ್ ಸೇರಿ 85,000. ಈಗ ಹತ್ತು ನಿಮಿಷಕ್ಕೆ ಬರೀ ಗಾಳಿ.

ತುಮಕೂರಿನಿಂದ: ಕೇಳಿದ್ದು ಸಂಪ್ ಬಗ್ಗೆ.

ಕೋಲಾರದಿಂದ: ಬೋರ್ ಕೈಕೊಟ್ಟ ಮೇಲೇ ಅಲ್ವಾ ಟ್ಯಾಂಕರ್ ಬರುವುದು?

ತುಮಕೂರಿನಿಂದ: ಪ್ರಶ್ನೆ ಕೇಳಿದವರೇ, ಇವರ ಜಗಳ ಬಿಡಿ. ಅಡ್ವಾನ್ಸ್ ಕೊಡುವ ಮೊದಲು ರಿಂಗಿನ ಒಳಗೆ ಟೇಪ್ ಹಿಡಿಯಿರಿ.

ಹಾಸನದಿಂದ: ಜಗಳ ಶುರು ಮಾಡಿದ್ದು ಯಾರು?