ಸಹಾಯ ಬೇಕು: ಪೈಲಟ್ ಪೂಲ್‌ನಲ್ಲಿ ಕಾಯುತ್ತಿರುವ ತಮ್ಮನಿಗಾಗಿ

ಎಲ್ಲರಿಗೂ ನಮಸ್ಕಾರ. ಗುಂಪಿನಲ್ಲಿ ಏರ್‌ಲೈನ್‌ನವರು ಇದ್ದೀರಿ ಅಂತ ಧೈರ್ಯ ಮಾಡಿ ಕೇಳ್ತಿದ್ದೇನೆ.

ನನ್ನ ತಮ್ಮ 200 ಗಂಟೆ ಹಾರಾಟ ಮುಗಿಸಿ ಸಿಪಿಎಲ್ (ಕಮರ್ಷಿಯಲ್ ಪೈಲಟ್ ಲೈಸೆನ್ಸ್) ತಗೊಂಡಿದ್ದಾನೆ. ಒಂದು ಏರ್‌ಲೈನ್‌ನ ಲಿಖಿತ ಪರೀಕ್ಷೆ, ಸಿಮ್ಯುಲೇಟರ್, ಇಂಟರ್‌ವ್ಯೂ ಎಲ್ಲ ಪಾಸು. ಆದರೆ ಟೈಪ್ ರೇಟಿಂಗ್ (ಒಂದು ನಿರ್ದಿಷ್ಟ ಮಾದರಿಯ ವಿಮಾನ ಹಾರಿಸೋ ಅರ್ಹತೆ) ಕ್ಲಾಸಿಗೆ ಕರೆಯೇ ಬಂದಿಲ್ಲ. ‘ನೀವು ಪೂಲ್‌ನಲ್ಲಿದ್ದೀರಿ’, ಅಂದರೆ ಆಯ್ಕೆಯಾಗಿ ಕಾಯೋರ ಪಟ್ಟಿಯಲ್ಲಿದ್ದೀರಿ, ಅನ್ನೋ ಮೇಲ್ ಬಿಟ್ಟರೆ ಸಂಬಳವೂ ಇಲ್ಲ, ತಾರೀಖೂ ಇಲ್ಲ. ಫೋನ್ ಮಾಡಿದರೆ ಹೊಸ ವಿಮಾನಗಳು ಬರೋದು ತಡ, ಸಿಮ್ಯುಲೇಟರ್ ಖಾಲಿ ಇಲ್ಲ ಅಂತಾರೆ. 2023ರ ಮೇ ತಿಂಗಳಲ್ಲಿ ಗೋ ಫಸ್ಟ್ ಏರ್‌ಲೈನ್ ನಿಂತಾಗ ಏರ್‌ಬಸ್ ಎ320 ವಿಮಾನದ ರೇಟಿಂಗ್ ಇದ್ದವರೇ ಕೆಲಸ ಹುಡುಕಿದ್ದನ್ನ ಅಪ್ಪ ಪೇಪರಿನಲ್ಲಿ ಓದಿದ್ದಾರೆ, ಅವರಿಗೆ ನಿದ್ದೆ ಇಲ್ಲ.

ನಮ್ಮ ನಿಜವಾದ ಚಿಂತೆ ಬೇರೆ. ಕ್ಲಾಸ್ 1 ಮೆಡಿಕಲ್ (ಪೈಲಟ್‌ಗಳ ಆರೋಗ್ಯ ಪ್ರಮಾಣಪತ್ರ), ಇನ್‌ಸ್ಟ್ರುಮೆಂಟ್ ರೇಟಿಂಗ್ (ಹೊರಗೆ ಕಾಣದಿದ್ದರೂ ಉಪಕರಣ ನೋಡಿ ಹಾರಿಸೋ ಅರ್ಹತೆ) ಎರಡಕ್ಕೂ ವರ್ಷದ ಗಡುವು. ಕರೆ ಬಂದ ದಿನ ಇವು ಮುಗಿದಿದ್ದರೆ ಸೀಟು ಹಿಂದಿನವನಿಗೆ ಹೋಗುತ್ತೆ ಅಂತ ಅವನ ಬ್ಯಾಚಿನವರು ಹೆದರಿಸಿದ್ದಾರೆ. ಸುಮ್ಮನೆ ಕೂತವನಿಗೆ ಇನ್‌ಸ್ಟ್ರುಮೆಂಟ್ ರೇಟಿಂಗ್ ನವೀಕರಿಸೋ ಖರ್ಚು ಸಣ್ಣದಲ್ಲ, ಓದಿನ ಸಾಲದ ಕಂತು ಬೇರೆ ಶುರುವಾಗಿದೆ. ಈ ನವೀಕರಣಕ್ಕೆ ಮಲ್ಟಿ ಇಂಜಿನ್ ವಿಮಾನ ನ್ಯಾಯವಾದ ದರಕ್ಕೆ ಸಿಗೋ ಫ್ಲೈಯಿಂಗ್ ಸ್ಕೂಲ್ ದಕ್ಷಿಣದಲ್ಲಿ ಯಾವುದಾದರೂ ಇದೆಯಾ? ಪೂಲ್‌ನಲ್ಲಿದ್ದುಕೊಂಡೇ ಬೇರೆ ಏರ್‌ಲೈನ್‌ಗೆ ಅರ್ಜಿ ಹಾಕಿದವರು ಯಾರಾದರೂ ಇದ್ದೀರಾ, ಮೊದಲಿನವರು ತಕರಾರು ಮಾಡಿದರಾ? ಅಲ್ಲಿವರೆಗೆ ಗ್ರೌಂಡ್ ಕ್ಲಾಸ್ ಪಾಠ ಹೇಳೋ ಕೆಲಸ ಸಿಕ್ಕರೂ ಅವನು ರೆಡಿ.

ದುಡ್ಡು ಕೊಟ್ಟರೆ ಮುಂದಿನ ಕ್ಲಾಸಿಗೇ ಸೇರಿಸ್ತೀವಿ ಅನ್ನೋ ಏಜೆಂಟರ ನಂಬರ್ ದಯವಿಟ್ಟು ಕಳಿಸಬೇಡಿ, ಅಂಥವರು ಈಗಾಗಲೇ ಮನೆಗೇ ಬಂದು ಹೋಗಿದ್ದಾರೆ.